ನಾಲ್ಕನೇ ಖೋಲಿಯ ಘಾಟು

ಜುಲೈ 6, 2020, ಸೋಮವಾರ

ಇವತ್ತಿನಿಂದ ನಾನು ಈ ಚಾಳಿನ ಲೀಡರು. ಯಾರೂ ಪ್ರೀತಿಯಿಂದ ಮಾಡಿದ್ದಲ್ಲ. ಎಲ್ಲರಿಂದಲೂ ಬೈಸಿಕೊಳ್ಳುವ ಕೆಲಸ ಯಾರಿಗೂ ಬೇಡವಾಗಿತ್ತು, ನನ್ನ ಬಾಯಿ ಎಂಥದ್ದೆಂದು ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ನನ್ನ ತಲೆಗೆ ಕಟ್ಟಿದರು.

ನಿಯಮ ಬರೆಯಲೆಂದು ಫ್ಯಾಕ್ಟರಿಯಿಂದ ಅರ್ಧ ಖಾಲಿ ಇದ್ದ ಹಳೆಯ ರಿಜಿಸ್ಟರ್ ಕೇಳಿ ತಂದೆ. ನಿಯಮ ಒಂದೇ ಪುಟಕ್ಕೆ ಮುಗಿಯಿತು. ಉಳಿದ ಪುಟಗಳನ್ನು ಯಾಕೆ ಸುಮ್ಮನೆ ಬಿಡಬೇಕು? ಸಿಂದಗಿ ಕಡೆಯ ನಮ್ಮೂರಲ್ಲಿ ರಾತ್ರಿ ಶಾಲೆ ನಡೆಸಿ ಮುದುಕರಿಗೆ ಸಹಿ ಮಾಡಲು ಕಲಿಸಿದವಳು ನಾನು. ಹನ್ನೊಂದು ವರ್ಷದಿಂದ ಗೋವಾದ ಈ ಕುಂಕಳ್ಳಿಯಲ್ಲಿ ಸೀಗಡಿ ಪ್ಯಾಕ್ ಮಾಡುತ್ತಿದ್ದರೂ ಅಕ್ಷರ ಮರೆತಿಲ್ಲ.

ಚಾಳಿನಲ್ಲಿ ಆರು ಖೋಲಿ, ಅಂಗಳದಲ್ಲಿ ಒಂದು ನಳ, ಹಿಂದೆ ಎರಡು ಸಂಡಾಸು. ಖೋಲಿ ಖೋಲಿಯ ನಡುವಿನ ಗೋಡೆ ಮೇಲಿನ ಶೀಟಿಗೆ ಮುಟ್ಟುವುದಿಲ್ಲ, ಒಂದು ಮೊಳ ಸಂದು ಬಿಟ್ಟಿದ್ದಾರೆ. ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತೇವೆ. ಇಂಥ ಕಡೆ ದೂರ ದೂರ ಇರಿ ಎಂದು ಸರಕಾರ ಹೇಳುತ್ತಿದೆ. ಹೇಳುವವರಿಗೇನು.

ಇವತ್ತು ಬಾಟ್ಕಾರ, ಅಂದರೆ ಚಾಳಿನ ಮಾಲೀಕ, ಗೇಟಿನ ಹೊರಗೇ ನಿಂತು ಒಂದೇ ಮಾತು ಹೇಳಿ ಹೋದ. "ಏಕ್ ಕೋ ಆಯಾ ತೋ ಛೇ ರೂಮ್ ಖಾಲಿ." ಒಬ್ಬರಿಗೆ ಕೊರೊನಾ ಬಂದರೂ ಆರೂ ಖೋಲಿಯವರು ಗಂಟುಮೂಟೆ ಕಟ್ಟಬೇಕು. ಈ ಮಳೆಯಲ್ಲಿ, ಬಾಡಿಗೆಗೆ ಯಾರೂ ಹೊಸಬರನ್ನು ಸೇರಿಸದ ಕಾಲದಲ್ಲಿ.

ಅದಕ್ಕೇ ನಿಯಮ. ನಳಕ್ಕೆ ಖೋಲಿ ನಂಬರಿನ ಪ್ರಕಾರ ಸಾಲು, ನಡುವೆ ಇದ್ದಿಲಿನ ಗೆರೆ. ಒಂದು, ಎರಡು, ಮೂರಕ್ಕೆ ಎಡಗಡೆಯ ಸಂಡಾಸು, ಉಳಿದವರಿಗೆ ಬಲಗಡೆಯದು. ಹೋಗಿ ಬಂದವರು ಬ್ಲೀಚಿಂಗ್ ಪೌಡರಿನ ನೀರು ಸುರಿಯಬೇಕು. ಸಾಬೂನನ್ನು ಹಳೆಯ ಕಾಲುಚೀಲದಲ್ಲಿ ಹಾಕಿ ನಳಕ್ಕೆ ಕಟ್ಟಿದ್ದೇನೆ, ಕದಿಯುವವರು ಕಾಲುಚೀಲ ಸಮೇತ ಕದಿಯಬೇಕು. ಯಾರಿಗಾದರೂ ಜ್ವರ ಬಂದರೆ ಮೊದಲು ನನಗೆ ಹೇಳಬೇಕು.

ಎಲ್ಲರೂ ಒಪ್ಪಿದರು. ನನ್ನ ಮೂರನೇ ಖೋಲಿಯ ಪಕ್ಕದ ನಾಲ್ಕನೇ ಖೋಲಿಯವಳು ಮಾತ್ರ ಬಾಗಿಲಲ್ಲಿ ನಿಂತು ಅಕ್ಕಿ ಆರಿಸುತ್ತಲೇ ಇದ್ದಳು. ಅವಳ ಹೆಸರು ಹುಲಿಗೆಮ್ಮ. ಒಮ್ಮೆ ಬರೆದೆ, ಇನ್ನು ಬರೆಯುವುದಿಲ್ಲ. ಅವಳಿಗೆ ನಂಬರೇ ಸಾಕು.

ಜುಲೈ 8, ಬುಧವಾರ

ನಾಲ್ಕನೇ ನಂಬರು ಇವತ್ತು ಗೆರೆ ದಾಟಿ ಎರಡು ಕೊಡ ಮೊದಲೇ ಇಟ್ಟಳು. ನಾವಿಬ್ಬರೂ ಮಾತು ಬಿಟ್ಟು ಮೂರು ವರ್ಷ ಆಯಿತು. ಹಾಗಾಗಿ ಅವಳು ನನಗೆ ಏನಾದರೂ ಹೇಳಬೇಕಾದರೆ ಬಕೆಟ್ಟಿಗೆ ಹೇಳುತ್ತಾಳೆ.

"ಕೆಲವ್ರಿಗಿ ಗಂಡ ಸತ್ರೂ ಸೊಕ್ಕು ಸತ್ತಿಲ್ಲ ನೋಡವಾ ಬಕೆಟ್ಟ."

ನಾನು ಒಂದನೇ ಖೋಲಿಯ ಜೈನಬಕ್ಕನಿಗೆ ಹೇಳಿದೆ, "ಜೈನಬಕ್ಕ, ಆ ಬಕೆಟ್ಟಿಗಿ ತಿಳಿಸಿ ಹೇಳು. ಇನ್ನೊಮ್ಮಿ ಸಾಲು ಮುರದ್ರ ಬಕೆಟ್ಟೂ ಹೊರಗ, ಬಕೆಟ್ಟಿನ ಒಡತೀನೂ ಹೊರಗ."

ಜೈನಬಕ್ಕ ವಯಸ್ಸಾದವಳು, ಪಾಪ, ಇಬ್ಬರ ನಡುವೆ ನಿಂತು ತನ್ನ ಕೊಡ ತುಂಬಿಸಿಕೊಂಡು ಹೋದಳು.

ಮಾತು ಬಿಟ್ಟದ್ದು ಯಾಕೆಂದು ಇಲ್ಲಿ ಬರೆದಿಡುತ್ತೇನೆ, ನಾಳೆ ನಾನೇ ಮೆತ್ತಗಾಗಬಾರದು. ಅವಳ ತಂಗಿಯ ಕುಬಸ ಈ ಅಂಗಳದಲ್ಲೇ ಆಯಿತು. ಬಸುರಿಗೆ ಉಡಿ ತುಂಬಲು ಎಲ್ಲ ಹೆಂಗಸರೂ ಕೂತಿದ್ದೆವು. ನನ್ನ ಚಂದಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಕ್ಕಿಯ ತಟ್ಟೆ ನನ್ನ ಕೈಗೆ ಬಂದಾಗ ನಾಲ್ಕನೇ ನಂಬರು ಅದನ್ನು ನನ್ನ ಕೈ ಮೇಲಿಂದಲೇ ಎತ್ತಿ ಜೈನಬಕ್ಕನಿಗೆ ದಾಟಿಸಿದಳು. ಹಿಂದಿನ ರಾತ್ರಿಯೆಲ್ಲ ಆ ಕುಬಸಕ್ಕೆ ಉಂಡಿ ಕಟ್ಟಿದವಳು ನಾನು. ಉಂಡಿಗೆ ನನ್ನ ಕೈ ನಡೆಯಿತು.

ಜುಲೈ 12, ರವಿವಾರ

ನಾಲ್ಕನೇ ನಂಬರಿನ ಗಂಡ ಯಮನೂರ ಬಂದ. ಕಲಂಗುಟ್‌ನಲ್ಲಿ ಹೋಟೆಲು ಕಟ್ಟುವ ಕಡೆ ಗೌಂಡಿ ಕೆಲಸಕ್ಕಿದ್ದ, ಕೆಲಸ ಮತ್ತೆ ನಿಂತಿತಂತೆ. ಹೊರಗಿನಿಂದ ಬಂದವರು ಹದಿನಾಲ್ಕು ದಿನ ಖೋಲಿ ಬಿಟ್ಟು ಹೊರಬರಬಾರದೆಂದು ನಾನೇ ಬರೆದಿದ್ದೆ. ಬರೆಯುವಾಗ ಇವನು ಬರುತ್ತಾನೆಂದು ಗೊತ್ತಿರಲಿಲ್ಲ, ಆದರೆ ಬಂದದ್ದು ನೋಡಿ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಬರೆಯಲಿ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಚಂದಪ್ಪನ ಹೆಣಕ್ಕೆ ಹೆಗಲು ಕೊಟ್ಟವನು. ಬಾಗಿಲಲ್ಲೇ ನಿಂತು ಕೈ ಮುಗಿದ.

"ಹೌದ್ರಿ ಅಕ್ಕಾರ. ರೂಲ್ ಅಂದ್ರ ರೂಲ್. ಒಳಗ ಇರ್ತೀನಿ."

"ನೀರು ನಿಮ್ಮನಿಯಾಕಿ ಎಲ್ಲಾರಕಿಂತ ಕಡೀಗಿ ತುಂಬಬೇಕು. ಸಂಡಾಸಕ್ಕೂ ನೀವು ಕಡೀಗಿ. ಪೌಡರ್ ಎರಡು ಮುಷ್ಟಿ ಹಾಕ್ರಿ."

ಅವನ ಹಿಂದೆ ನಿಂತವಳು ಬಕೆಟ್ಟು ಹುಡುಕುತ್ತಿದ್ದಳು, ಅದು ಹೊರಗಿತ್ತು. ಗೋಡೆಗೆ ಹೇಳಿದಳು, "ಬಾಟ್ಕಾರನ ಖೋಲಿ, ಸರಕಾರದ ನೀರು, ನಡುವ ಇಕೀದೇನ ಕಾರಭಾರ."

ನಾಲ್ಕನೆಯವಳಿಗೆ ನೀರು ಸಿಗುವಾಗ ನಳ ಸಣ್ಣಗೆ ಬಂದಿತ್ತು. ಒಂದೂವರೆ ಕೊಡ. ನಾನು ಕಟ್ಟೆಯ ಮೇಲೆ ಕೂತು ಪೂರ್ತಿ ನೋಡಿದೆ.

ಜುಲೈ 18, ಶನಿವಾರ

ನಿನ್ನೆಯಿಂದ ಮೂರು ದಿನ ಮತ್ತೆ ಬಂದ್. ಆರು ಖೋಲಿಯ ಜನ ಒಂದೇ ಅಂಗಳಕ್ಕೆ. ಆರನೇ ಖೋಲಿಯ ನಾನಪ್ಪ ಇಸ್ಪೀಟಿಗೆ ಜನ ಸೇರಿಸಿದ್ದ, ಎಲೆ ಕಿತ್ತು ನೀರಿಗೆ ಹಾಕಿದೆ. "ಅಕ್ಕಾರ, ನೀವು ಪೊಲೀಸರಕಿಂತ ಕಡಕ್" ಎಂದ. ಪೊಲೀಸರು ಇಲ್ಲಿಗೆ ಎಲ್ಲಿ ಬರುತ್ತಾರೆ, ಅದಕ್ಕೇ ನಾನಿರುವುದು.

ಗೋಡೆಯಾಚೆ ಯಮನೂರ ಕೆಮ್ಮುತ್ತಾನೆ. ಸಿಮೆಂಟಿನ ಧೂಳು ಕುಡಿದ ಎದೆ, ಯಾವಾಗಲೂ ಕೆಮ್ಮುತ್ತಾನೆ.

ಜುಲೈ 20, ಸೋಮವಾರ, ಅಮಾವಾಸ್ಯೆ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಲ್ಕನೇ ನಂಬರು ಗಂಡನಿಗೆ ದೃಷ್ಟಿ ತೆಗೆದಳು. ಎರಡು ದಿನದಿಂದ ಅವನಿಗೆ ಮೈಕೈ ನೋವು, ಊಟ ಸೇರುತ್ತಿಲ್ಲವಂತೆ. ಉಪ್ಪು, ಒಣಮೆಣಸಿನಕಾಯಿ ಇಳಿಸಿ ತೆಗೆದು ಒಲೆಗೆ ಹಾಕಿದಳು. ಗೋಡೆಯ ಸಂದಿನಿಂದ ಘಾಟು ನುಗ್ಗಿ ಬಂತು. ನಾನು ರೊಟ್ಟಿ ಬಡಿಯುತ್ತಿದ್ದವಳು ಹಂಚು ಬಿಟ್ಟು ಬಾಗಿಲಿಗೆ ಓಡಿದೆ. ಕಣ್ಣಲ್ಲಿ ಮೂಗಲ್ಲಿ ನೀರು. ಆಚೆ ಐದನೇ ಖೋಲಿಯಲ್ಲೂ ಕೆಮ್ಮು.

ಅವಳು ಮಾತ್ರ ಒಲೆಯ ಮುಂದೆ ಕೂತು ಬಗ್ಗಿ ಬಗ್ಗಿ ಮೂಸುತ್ತಿದ್ದಳಂತೆ. ಆಮೇಲೆ ಅಂಗಳಕ್ಕೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

"ಏಳು ಮೆಣಸಿನಕಾಯಿ ಸುಟ್ಟೀನಿ, ಗುಂಟೂರಿನವು. ಒಂದರದಾದ್ರೂ ಘಾಟು ಬರಲಿಲ್ಲ. ನನಗೂ ಬರಲಿಲ್ಲ, ನನ್ನ ಗಂಡಗೂ ಬರಲಿಲ್ಲ. ಕಟ್ಟಿ ಮ್ಯಾಲ ಕುಂತು ನನ್ನ ಕೊಡ ಎಣಿಸಿದ ಕಣ್ಣು ಯಾವ್ದು ಅಂತ ಈಗ ಗೊತ್ತಾತು."

ಮೆಣಸಿನಕಾಯಿ ಸುಟ್ಟಾಗ ಘಾಟು ಬರಲಿಲ್ಲವೆಂದರೆ ಕಣ್ಣು ತಗುಲಿದ್ದು ಖರೇ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ನಾನೂ ನಂಬುತ್ತೇನೆ. ಆದರೆ ಘಾಟು ಬಂದಿದೆಯಲ್ಲ. ನನ್ನ ಕಣ್ಣೀರು ಇನ್ನೂ ಗಲ್ಲದ ಮೇಲಿತ್ತು. ಅದನ್ನೂ ಅವಳು ತೋರಿಸಿದಳು. "ಅಳಾಕತ್ತಾಳ ನೋಡ್ರಿ, ಸಿಕ್ಕಿ ಬಿದ್ದಕೂಡ್ಲೇ."

ಆರೂ ಖೋಲಿಯವರು ನನ್ನ ಮುಖ ನೋಡಿದರು. ರಂಡೆಯ ಕಣ್ಣು ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಅನ್ನುವ ಅಗತ್ಯವಿರಲಿಲ್ಲ. ದೇವರಾಣೆಗೂ ಇದನ್ನು ಮರೆಯುವುದಿಲ್ಲ. ಇವಳು ನನ್ನ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಲ್ಲುವ ದಿನ ಬರಬೇಕು.

ಜುಲೈ 21, ಮಂಗಳವಾರ

ಫ್ಯಾಕ್ಟರಿ ಗೇಟಿನಲ್ಲಿ ಇವತ್ತು ವಾಚ್‌ಮನ್ ಜೊತೆ ಆರೋಗ್ಯ ಕೇಂದ್ರದ ನರ್ಸು ಮರಿಯಮ ಇದ್ದಳು. ನಮ್ಮ ಓಣಿಯ ಮನೆಮನೆ ಲೆಕ್ಕವೂ ಅವಳದೇ. ಹಣೆಗೆ ಗನ್ನು ಹಿಡಿದು ಜ್ವರ ನೋಡಿದ ಮೇಲೆ ಒಬ್ಬೊಬ್ಬರ ಮೂಗಿಗೆ ಕರ್ಪೂರದ ಡಬ್ಬಿ ಹಿಡಿಯುತ್ತಿದ್ದಳು. ವಾಸನೆ ಬರುತ್ತದಾ ಎಂದು ಹಿಂದಿಯಲ್ಲಿ ಕೇಳಿದಳು. ಇದೇನು ಹೊಸ ಆಟ ಎಂದೆ. ಈ ರೋಗ ಬಂದವರಿಗೆ ಕೆಲವೊಮ್ಮೆ ಜ್ವರಕ್ಕಿಂತ ಮೊದಲು ಮೂಗು ಸಾಯುತ್ತದೆ, ಯಾವ ವಾಸನೆಯೂ ತಿಳಿಯುವುದಿಲ್ಲ ಎಂದಳು.

ಸೀಗಡಿಯ ಮುಂದೆ ಎಂಟು ತಾಸು ನಿಂತೆ. ಏನು ಪ್ಯಾಕ್ ಮಾಡಿದೆನೋ ಗೊತ್ತಿಲ್ಲ. ಏಳು ಮೆಣಸಿನಕಾಯಿ, ಗಂಡ ಹೆಂಡತಿ ಇಬ್ಬರಿಗೂ ಘಾಟಿಲ್ಲ.

ಬಂದವಳೇ ಜೈನಬಕ್ಕನಿಗೂ ನಾನಪ್ಪನಿಗೂ ಹೇಳಿದೆ. ನಾನಪ್ಪ ಅಂಗಳದ ಬಾಗಿಲು ಹಾಕಿ ಬಂದ.

"ಅಕ್ಕಾರ, ಬಾಯಿ ಮುಚ್ಚ್ರಿ. ನರ್ಸಮ್ಮಗ ಹೇಳಿದ್ರ ಚಾಳು ಸೀಲ್ ಆಕ್ಕತಿ. ಸೀಲ್ ಆದ್ರ ಕೆಲಸ ಹೋತು, ಸೀಲ್ ತಗದ ಮರುದಿನ ಬಾಟ್ಕಾರ ಖೋಲೀನೂ ಕಸಗೊಂಡ. ಮಕ್ಕಳನ್ನ ಕರಕೊಂಡು ಎಲ್ಲಿಗಿ ಹೋಗೂನು? ಯಮನೂರ ಗಟ್ಟಿ ಆಳು, ಹತ್ತು ದಿನದಾಗ ಎದ್ದು ಕುಂದರ್ತಾನ."

ನಾನು ಲೀಡರು. ಹೂಂ ಎಂದೆ.

ಜೈನಬಕ್ಕ ಹೋಗಿ ನಾಲ್ಕನೇ ನಂಬರಿಗೆ ಮೂಗಿನ ವಿಷಯ ತಿಳಿಸಿದಳು. ಬಂದ ಉತ್ತರ, "ನನ್ನ ಮೂಗು ನೆಟ್ಟಗೈತಿ. ಅಕೀ ಕಣ್ಣು ನೆಟ್ಟಗಿಲ್ಲ." ಅದರ ಜೊತೆಗೇ ಇನ್ನೊಂದು ಮಾತನ್ನೂ ಕಳಿಸಿದ್ದಳು. ಕಣ್ಣು ಹಾಕಿದವರ ಕಾಲ ಕೆಳಗಿನ ಮಣ್ಣು ಸೇರಿಸಿ ದೃಷ್ಟಿ ತೆಗೆದರೆ ಗುಣವಾಗುತ್ತದಂತೆ. ನನ್ನ ಪಾದದ ಮಣ್ಣು ಬೇಕಂತೆ.

ಕೊಟ್ಟರೆ ಕಣ್ಣು ನನ್ನದೇ ಎಂದು ಒಪ್ಪಿಕೊಂಡಂತೆ. ಆರು ಖೋಲಿಯ ಮುಂದೆ.

"ಅಕೀನ ನನ್ನ ಬಾಗಿಲಿಗಿ ಬಂದು ಕೇಳ್ಲಿ. ನಡುವ ಮಂದಿ ಬ್ಯಾಡ. ಬಂದು ಸಾವಂತ್ರಕ್ಕ ಅಂತ ಕರದು ಕೇಳಿದ್ರ ಕೊಡ್ತೀನಿ."

"ಸಾವಂತ್ರವ್ವ, ಇದು ಹಟ ಮಾಡೂ ಹೊತ್ತಲ್ಲ" ಎಂದಳು ಜೈನಬಕ್ಕ.

ನನಗೆ ಇದೇ ಹೊತ್ತು ಬೇಕಾಗಿತ್ತು.

ಜುಲೈ 22, ಬುಧವಾರ

ಮರಿಯಮ ನರ್ಸು ಪಟ್ಟಿ ಹಿಡಿದು ಚಾಳಿಗೇ ಬಂದಳು. ಇಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಇದೆಯಾ ಎಂದು ನನ್ನನ್ನೇ ಕೇಳಿದಳು, ಲೀಡರಲ್ಲವೇ. ನಾನಪ್ಪ ನನ್ನ ಎದುರಿಗೇ ನಿಂತಿದ್ದ. ಇಲ್ಲ ಎಂದೆ. ನಾಲ್ಕನೇ ಬಾಗಿಲು ಹಾಕಿತ್ತು, ಒಳಗೆ ಯಾರೋ ಕೆಮ್ಮನ್ನು ಬಟ್ಟೆಯಲ್ಲಿ ಅದುಮಿ ಹಿಡಿದ ಸದ್ದು ಬಂತು. ಆ ಖೋಲಿಯವರೆಲ್ಲಿ ಎಂದಳು. ಕೆಲಸಕ್ಕೆ ಹೋಗಿದ್ದಾರೆ ಎಂದೆ.

ಆರು ಖೋಲಿಯ ಸೂರು ಉಳಿಸಿದೆ. ಯಾರೂ ಥ್ಯಾಂಕ್ಸ್ ಹೇಳಲಿಲ್ಲ.

ಅವಳು ಬರಲಿಲ್ಲ.

ಜುಲೈ 23, ಗುರುವಾರ

ಬರಲಿಲ್ಲ.

ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದಿಲ್ಲ. ನಿನ್ನೆಯೂ ಇರಲಿಲ್ಲ. ನನ್ನ ಮನೆಯಲ್ಲಿ ಅಂಬಲಿ ಹೆಚ್ಚಾಗಿತ್ತು, ಚೆಲ್ಲುವುದೇಕೆಂದು ಪಾತ್ರೆಯಲ್ಲಿ ಹಾಕಿ ನಾಲ್ಕನೇ ಹೊಸ್ತಿಲಿಗೆ ಇಟ್ಟು ಬಂದೆ. ಸಂಜೆ ಪಾತ್ರೆ ತೊಳೆದು ನನ್ನ ಹೊಸ್ತಿಲಲ್ಲಿ ಬೋರಲು ಹಾಕಿತ್ತು. ತಿಂದಳೋ ಚರಂಡಿಗೆ ಸುರಿದಳೋ.

ಜುಲೈ 24, ಶುಕ್ರವಾರ

ಅಂಬಲಿ ಮತ್ತೆ ಹೆಚ್ಚಾಯಿತು. ಎರಡು ದಿನದಿಂದ ನೀರನ್ನೂ ನಾನೇ ತುಂಬಿ ಇಡುತ್ತಿದ್ದೇನೆ, ಇಲ್ಲದಿದ್ದರೆ ಅವಳು ನಳಕ್ಕೆ ಬಂದು ಎಲ್ಲರಿಗೂ ಅಂಟಿಸುತ್ತಾಳೆ. ನಿಯಮ ಅಂದರೆ ನಿಯಮ.

ಯಮನೂರನ ಕೆಮ್ಮು ನಿಂತಿದೆ. ಈಗ ಬೇರೆ ಸದ್ದು. ಉಸಿರನ್ನು ಕೆಳಗಿನಿಂದ ಎತ್ತಿ ತರುವ ಸದ್ದು. ಮಧ್ಯಾಹ್ನ ಗೋಡೆಯ ಹತ್ತಿರ ಹೋಗಿ ನಿಂತೆ. ಮೂರು ವರ್ಷದ ಮೇಲೆ ಬಾಯಿ ಬಿಟ್ಟೆ, ಗೋಡೆಗೇ ಹೇಳಿದೆ.

"ದವಾಖಾನಿಗಿ ಒಯ್ಯಬೇಕು."

ಆಮೇಲೆ ಗೋಡೆ ಹೇಳಿತು, "ಅಲ್ಲಿ ಒಯ್ದವ್ರು ತಿರಿಗಿ ಬರಾಂಗಿಲ್ಲ. ಮಾರಿ ಸೈತ ತೋರಸಾಂಗಿಲ್ಲ. ಮಣ್ಣು ಕೊಟ್ಟಿದ್ರ ಇಷ್ಟೊತ್ತಿಗಿ ಎದ್ದಿರ್ತಿದ್ದ."

"ಬಂದು ಕೇಳಿದ್ರ ಕೊಟ್ಟಿರ್ತಿದ್ದೆ."

ಅಲ್ಲಿಗೆ ಮುಗಿಯಿತು. ಕುಬಸದ ದಿನ ನನಗೆ ಹೇಗಾಗಿತ್ತೆಂದು ಅವಳಿಗೂ ತಿಳಿಯಲಿ ಎಂದುಕೊಂಡೆ.

ಜುಲೈ 25, ಶನಿವಾರ, ನಾಗರ ಪಂಚಮಿ

ಬಂದಳು.

ಬೆಳಗ್ಗೆ ಆರಕ್ಕೆ, ನಳದ ಮುಂದೆ ಎಲ್ಲರೂ ನಿಂತಿರುವಾಗ. ತಲೆಗೂದಲು ಕೆದರಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಹೊಸ್ತಿಲ ಕೆಳಗೆ ನಿಂತಳು. ಬಕೆಟ್ಟನ್ನು ನೋಡಲಿಲ್ಲ, ಗೋಡೆಯನ್ನು ನೋಡಲಿಲ್ಲ.

"ಸಾವಂತ್ರಕ್ಕ. ಮಣ್ಣು ಕೊಡು. ನಿನ್ನ ಕಾಲು ಬೀಳಂದ್ರೂ ಬೀಳ್ತೀನಿ. ಅವನ ತುಟಿ ನೀಲಿ ಆಗ್ಯಾವ."

ಮೂರು ವರ್ಷದಿಂದ ಇದನ್ನೇ ಬಯಸಿದ್ದೆ. ಕೈಗೆ ಬಂದಾಗ ಅದರಲ್ಲಿ ಏನೂ ಇರಲಿಲ್ಲ. ಎಡಗಾಲ ಕೆಳಗಿನ ಮಣ್ಣು ಕೆರೆದು ಅವಳ ಅಂಗೈಗೆ ಹಾಕಿದೆ. ಎಲ್ಲರೂ ನೋಡಿದರು, ನೋಡಲಿ. ಅವಳು ಒಳಗೆ ಓಡಿದಳು. ನಾನು ಫೋನು ತೆಗೆದು ಮೊದಲು 108ಕ್ಕೆ, ಆಮೇಲೆ ಮರಿಯಮ ನರ್ಸಿಗೆ ಮಾಡಿದೆ. ನಾನಪ್ಪ ಫೋನು ಕಸಿಯಲು ಬಂದ. ಅವನ ಮುಂದೆ ಹಂಚು ಹಿಡಿದು ನಿಂತೆ, ಬಿಸಿಯಿತ್ತು.

ಗಾಡಿ ಬಂತು. ನೀಲಿ ಗೌನಿನವರು ಯಮನೂರನನ್ನು ಎತ್ತಿದರು. ಹಣೆಗೆ ನನ್ನ ಕಾಲ ಮಣ್ಣು ಹಚ್ಚಿತ್ತು. ನನ್ನನ್ನು ನೋಡಿ ಕೈ ಮುಗಿಯಲು ಹೋದ, ಒಂದೇ ಕೈ ಎದ್ದಿತು. ಹುಲಿಗೆಮ್ಮನನ್ನೂ ಪರೀಕ್ಷೆಗೆ ಕೂರಿಸಿಕೊಂಡರು. ಅವಳು ಗಾಡಿಯ ಬಾಗಿಲು ಹಿಡಿದು ಕೂಗಿದಳು, "ಮಣ್ಣು ಕೊಟ್ಟಂಗ ಮಾಡಿ ಕೊಳ್ಳಿ ಇಟ್ಟಿ ನೀ. ಹಿಡದು ಕೊಟ್ಟಿ."

ಮರಿಯಮ ನರ್ಸು ಹೋಗುವ ಮೊದಲು ನನ್ನ ಹತ್ತಿರ ಬಂದಳು. "ಬುಧ್‌ವಾರ್ ಕೋ ಪೂಛಾ ಥಾ ನಾ ಮೈನೇ?" ಬುಧವಾರ ನಾನು ಕೇಳಿದ್ದೆನಲ್ಲ ಎಂದಳು. ಬೈಯಲಿಲ್ಲ. ಪಟ್ಟಿಯಲ್ಲಿ ಏನೋ ತಿದ್ದಿಕೊಂಡು ಹೋದಳು.

ಜುಲೈ 28, ಮಂಗಳವಾರ

ಚಾಳು ಸೀಲ್ ಆಗಿದೆ. ಗೇಟಿಗೆ ಬಿದಿರು ಕಟ್ಟಿ ಬೋರ್ಡು ಹಾಕಿದ್ದಾರೆ. ಹುಲಿಗೆಮ್ಮನದು ಪಾಸಿಟಿವ್, ಆದರೆ ಗಟ್ಟಿಯಿದ್ದಾಳೆ, ಕೋವಿಡ್ ಸೆಂಟರಿನಲ್ಲಿಟ್ಟಿದ್ದಾರೆ. ಯಮನೂರ ದೊಡ್ಡ ಆಸ್ಪತ್ರೆಯಲ್ಲಿ. ಉಳಿದ ನಮ್ಮೆಲ್ಲರದೂ ನೆಗೆಟಿವ್. ಅದಕ್ಕೂ ನನಗೇ ಬೈದರು, ಏನೂ ಇಲ್ಲದವರನ್ನು ಸುಮ್ಮನೆ ಕೂಡಿಹಾಕಿಸಿದಳು ಎಂದು.

ನಾನು ನಳಕ್ಕೆ ಹೋದರೆ ಸಾಲು ಒಡೆದು ಎಲ್ಲರೂ ದೂರ ಸರಿಯುತ್ತಾರೆ. ಗೆರೆ ಹಾಕಿದ್ದಕ್ಕಿಂತ ಹೆಚ್ಚು ದೂರ. ನಾನಪ್ಪನ ಹೆಂಡತಿ ನನ್ನ ಕಾಲುಚೀಲದ ಸಾಬೂನನ್ನು ಮುಟ್ಟುವುದಿಲ್ಲ. ಜೈನಬಕ್ಕ ಒಬ್ಬಳು ಮಾತಾಡುತ್ತಾಳೆ, ಅದೂ ಬೇರೆಯವರು ಇಲ್ಲದಾಗ.

ಶನಿವಾರ ಬರೆದದ್ದನ್ನು ತಿರುವಿ ನೋಡಿದೆ. ಎಲ್ಲೋ ನಾಲ್ಕನೇ ನಂಬರಿನ ಹೆಸರು ಬರೆದಿದ್ದೇನೆ. ತಿದ್ದಲು ಬೇಸರ, ಇರಲಿ.

ಜುಲೈ 31, ಶುಕ್ರವಾರ

ಯಮನೂರ ಹೋದ. ಬೆಳಗ್ಗೆ ಏಳು ಗಂಟೆಗಂತೆ.

ಆಗಸ್ಟ್ 1, ಶನಿವಾರ

ಜೈನಬಕ್ಕನ ಬಕ್ರೀದ್. ಯಾರೂ ಹೊಸ ಬಟ್ಟೆ ಹಾಕಲಿಲ್ಲ. ಹೆಣ ಕೊಡಲಿಲ್ಲವಂತೆ, ಅವರೇ ಸುಟ್ಟರಂತೆ. ಹುಲಿಗೆಮ್ಮನಿಗೆ ಸೆಂಟರಿನಲ್ಲಿ ಫೋನಿನಲ್ಲಿ ತಿಳಿಸಿದರಂತೆ.

ಚಂದಪ್ಪ ಸತ್ತ ದಿನ ಅವನು ಕೂಲಿ ಮಾಡುತ್ತಿದ್ದ ಬಂದರಿನಿಂದ ಹೆಣ ತಂದಾಗ ಚಾಳಿನ ಬಾಗಿಲಲ್ಲಿ ತಿರುಗಿಸಲು ಜಾಗ ಸಾಲಲಿಲ್ಲ. ಯಮನೂರ ತನ್ನ ಹೆಗಲನ್ನು ಗೋಡೆಗೆ ಒರೆಸಿಕೊಂಡು ತಿರುಗಿಸಿದ್ದ. ಅಂಗಿ ಹರಿದು ಭುಜ ಕಿತ್ತಿತ್ತು. ಅವನಿಗೆ ಹೆಗಲು ಕೊಡಲು ಯಾರೂ ಸಿಗಲಿಲ್ಲ. ಇಡೀ ದಿನ ಅತ್ತೆ. ಯಾರಿಗೂ ಕೇಳಿಸದ ಹಾಗೆ ಅತ್ತೆ, ನಮ್ಮ ಗೋಡೆಗಳಿಗೆ ಅದು ಸುಲಭವಲ್ಲ.

ಆಗಸ್ಟ್ 5, ಬುಧವಾರ

ಬಾಟ್ಕಾರ ಬೀಗ ತಂದಿದ್ದ, ನಾಲ್ಕನೇ ಖೋಲಿಗೆ ಹಾಕಲು. ಗಂಡ ಸತ್ತವಳು ಬಾಡಿಗೆ ಎಲ್ಲಿಂದ ತರುತ್ತಾಳೆ, ಸಾಮಾನು ಹೊರಗಿಡಿ ಎಂದ. ಸೀಲ್ ಆದ ಚಾಳಿನೊಳಗೆ ಹೊರಗಿನವರು ಕಾಲಿಡುವಂತಿಲ್ಲ, ಇಟ್ಟರೆ ಹದಿನಾಲ್ಕು ದಿನ ಇಲ್ಲೇ ಇರಬೇಕು, ನಾಲ್ಕನೇ ಖೋಲಿ ಖಾಲಿಯಿದೆ ಬಂದು ಮಲಗಿ ಎಂದೆ. ಬಿದಿರಿನಾಚೆಯಿಂದಲೇ ವಾಪಸು ಹೋದ. ಸೀಲ್ ತೆಗೆದ ಮೇಲೆ ನೋಡಿಕೊಳ್ಳುತ್ತೇನೆ, ಮೊದಲು ನಿನ್ನದೇ ಖಾಲಿ ಮಾಡಿಸುತ್ತೇನೆ ಎಂದ.

ಮಾಡಿಸಲಿ. ಅವಳ ಸಲುವಾಗಿ ನಾನು ಇದನ್ನು ಮಾಡಿದ್ದಲ್ಲ. ಇವತ್ತು ನಾಲ್ಕಕ್ಕೆ ಬೀಗ ಬಿದ್ದರೆ ನಾಳೆ ಉಳಿದವಕ್ಕೂ ಬೀಳುತ್ತದೆ, ಅಷ್ಟೇ. ಬಾಗಿಲು ಭದ್ರವಿದೆಯಾ ನೋಡಲು ಹೇಗೂ ನಾಲ್ಕರ ಒಳಗೆ ಹೋಗಿದ್ದೆ, ಅವಳ ನೆಲ ಸಾರಿಸಿ ಬಂದೆ. ಒಲೆಯಲ್ಲಿ ಮೆಣಸಿನಕಾಯಿಯ ಕರಿ ಇನ್ನೂ ಇತ್ತು.

ಆಗಸ್ಟ್ 9, ರವಿವಾರ

ಹುಲಿಗೆಮ್ಮ ಬಂದಳು. ಬಳೆ ಇಲ್ಲ, ಕುಂಕುಮ ಇಲ್ಲ. ಆ ಕೆಲಸವನ್ನೂ ಸೆಂಟರಿನಲ್ಲಿ ತಾನೇ ಮಾಡಿಕೊಂಡಳಂತೆ. ಯಾರೂ ಹತ್ತಿರ ಹೋಗಲಿಲ್ಲ. ನೇರ ನನ್ನ ಬಾಗಿಲಿಗೆ ಬಂದು ನಿಂತು ಶುರು ಮಾಡಿದಳು. ಬಕೆಟ್ಟು ಬೇಕಾಗಲಿಲ್ಲ.

"ನನ್ನ ಮನ್ಯಾಗ ನನ್ನ ತೊಡಿ ಮ್ಯಾಲ ಸಾಯತಿದ್ದ. ಅದನ್ನೂ ಕಸಗೊಂಡಿ. ನಿನ್ನಂಗ ನನ್ನ ಮಾಡಬೇಕಂತಿದ್ದಿ, ಮಾಡಿದಿ. ನಿನ್ನ ನಾಲಿಗಿಗಿ ಹುಳ ಬೀಳಲಿ."

ಬಾಯಿಗೆ ಉತ್ತರ ಬಂತು. ನನಗೆ ಉತ್ತರ ಬರದ ದಿನ ಯಾವುದು? ಒಳಗೇ ಇಟ್ಟುಕೊಂಡೆ. ರೊಟ್ಟಿ ಸೀದು ಹೋಗುತ್ತಿತ್ತು, ತಿರುವಿ ಹಾಕಿದೆ.

ಆಗಸ್ಟ್ 17, ಸೋಮವಾರ

ಸೀಲ್ ತೆಗೆದು ಐದು ದಿನವಾಯಿತು. ಬಾಟ್ಕಾರ ಇನ್ನೂ ಬಂದಿಲ್ಲ. ಹೊಸ ಬಾಡಿಗೆದಾರರು ಸಿಗುತ್ತಿಲ್ಲವೆಂದು ಜೈನಬಕ್ಕ ಕೇಳಿ ಬಂದಳು. ರೋಗ ಬಂದ ಚಾಳಿಗೆ ಯಾರು ಬರುತ್ತಾರೆ. ಆ ರೋಗವೇ ನಮ್ಮ ಸೂರು ಉಳಿಸಿದೆ.

ಹುಲಿಗೆಮ್ಮ ದಿನಾ ಬೆಳಗ್ಗೆ ನಳದ ಹತ್ತಿರ ಬೈಯುತ್ತಾಳೆ. ಮೊದಲು ಎಲ್ಲರೂ ನಿಂತು ಕೇಳುತ್ತಿದ್ದರು. ಈಗ ನಾನಪ್ಪನಿಗೇ ಸಾಕಾಗಿದೆ. "ಇಕೀಗಿ ಒಂದು ಮಾತು ತಿರಿಗಿ ಅನ್ರಿ ಅಕ್ಕಾರ, ಸುಮ್ಮನಾಕ್ಕಾಳ" ಎಂದ.

ಅನ್ನುವುದಿಲ್ಲ. ಆಸ್ಪತ್ರೆಗೆ ತಿಳಿಸಿದ್ದಕ್ಕೆ ಬೈಯುತ್ತಿದ್ದಾಳೆ, ಅದು ತಪ್ಪು. ನಾನು ತಪ್ಪು ಮಾಡಿದ್ದು ಅಲ್ಲಿ ಅಲ್ಲ. ಮಂಗಳವಾರ ಸೀಗಡಿಯ ಮುಂದೆ ನಿಂತಾಗಲೇ ನನಗೆ ಗೊತ್ತಿತ್ತು. ಶನಿವಾರದ ತನಕ ಕಾದೆ. ಚಾಳಿನ ಸಲುವಾಗಿ ಎಂದು ಇದೇ ಪುಸ್ತಕದಲ್ಲಿ ಬರೆದಿದ್ದೇನೆ. ಚಾಳಿನ ಸಲುವಾಗಿ ಒಂದು ದಿನ ಇರಬಹುದು. ಉಳಿದದ್ದು, ಅವಳು ನನ್ನ ಬಾಗಿಲಿಗೆ ಬರಲಿ ಎಂದು. ಮುಂಚೆ ತಂದಿದ್ದರೆ ಉಳಿಯುತ್ತಿದ್ದನಾ ಎಂದು ಮರಿಯಮ ನರ್ಸನ್ನು ಗೇಟಿನಲ್ಲಿ ಕೇಳಿದೆ. ಹೇಳಲಾಗದು ಎಂದಳು. ಹೌದು ಎಂದಿದ್ದರೂ ತಡೆದುಕೊಳ್ಳುತ್ತಿದ್ದೆ.

ಆಗಸ್ಟ್ 26, ಬುಧವಾರ

ಇವತ್ತು ಬೆಳಗ್ಗೆ ಬೈಗುಳ ಕೇಳಿಸಲಿಲ್ಲ.

ಐದೂವರೆಗೆ ನಳ ಬಂತು. ಐದನೆಯವರು, ಆರನೆಯವರೂ ತುಂಬಿ, ಎರಡನೇ ಸುತ್ತಿನಲ್ಲಿ ನನ್ನ ಸರದಿ ಬಂತು. ನಾಲ್ಕನೇ ಬಾಗಿಲು ತೆರೆಯಲಿಲ್ಲ. ನಿನ್ನೆ ಸಂಜೆಯಿಂದ ಗೋಡೆಯಾಚೆ ಪಾತ್ರೆಯ ಸದ್ದೂ ಇರಲಿಲ್ಲ ಎಂದು ಆಗ ಹೊಳೆಯಿತು. ಕೈಯಲ್ಲಿದ್ದ ಕೊಡ ಹಾಗೇ ನಳದ ಕೆಳಗೆ ಬಿಟ್ಟು ಹೋದೆ. ಬಾಗಿಲು ಬಡಿದೆ. ಮೂರು ಸಲ ಬಡಿದೆ. ಬಾಗಿಲ ಸಂದಿಗೆ ಬಾಯಿಟ್ಟು ಕರೆದೆ.

"ಹುಲಿಗೆವ್ವ. ಹೊತ್ತಾತು. ಎದ್ದು ಬಾ. ನೀರು ಹೊಕ್ಕಾವು."

ಮತ್ತೆ ಬಡಿದೆ.

"ಬಂದು ಬೈಯಿ. ಬೈಯೂದರ ಬೈಯಿ, ಎದ್ದು ಬಾ."

ಅಗುಳಿ ಸರಿಯಿತು. ನೆಲದಲ್ಲಿ ಚಾಪೆ, ಉಟ್ಟ ಸೀರೆಯಲ್ಲೇ ಮಲಗಿದ್ದವಳು ಬಾಗಿಲು ತೆರೆದು ಅಲ್ಲೇ ಚೌಕಟ್ಟಿಗೆ ಒರಗಿ ಕೂತಳು. ಜ್ವರವಿರಲಿಲ್ಲ, ಹಣೆ ಮುಟ್ಟಿ ನೋಡಿದೆ. ಎರಡು ದಿನದಿಂದ ಉಂಡಿರಲಿಲ್ಲ. ಕಣ್ಣೆತ್ತಿ ನನ್ನನ್ನು ನೋಡಿದಳು, ಬಾಯಿ ತೆರೆಯಲಿಲ್ಲ. ಅವಳ ಬೈಗುಳವೂ ಮುಗಿದುಹೋಗಿದೆ ಎಂದು ಗೊತ್ತಾದಾಗ ನನಗೆ ಹೆದರಿಕೆಯಾಯಿತು. ಆಗ ಹೇಳಿಬಿಟ್ಟೆ.

"ನೀ ಬೈಯೂದು ತಪ್ಪೈತಿ. ಹೇಳಿದ್ದಕ್ಕ ಬೈತಿ. ನನಗ ಮಂಗಳವಾರನ ಗೊತ್ತಾಗಿತ್ತು. ನರ್ಸಮ್ಮ ಬಂದು ಕೇಳಿದ್ರೂ ಇಲ್ಲ ಅಂದೆ. ನೀ ನನ್ನ ಬಾಗಿಲಿಗಿ ಬರ್ಲಿ ಅಂತ ನಾಕು ದಿನ ಕುಂತೆ. ಅದಕ್ಕ ಬೈಯಿ."

ಅವಳು ಬಹಳ ಹೊತ್ತು ಅಂಗಳವನ್ನು ನೋಡಿದಳು. ಕಟ್ಟೆ, ಇದ್ದಿಲಿನ ಗೆರೆ, ನನ್ನ ಬಾಗಿಲು.

"ಎಂಟು ಹೆಜ್ಜಿ ಐತಿ, ನಿನ್ನ ಬಾಗಿಲಿಗಿ" ಎಂದಳು. "ಸೆಂಟರಿನ್ಯಾಗ ಮಲಗಿ ದಿನಾ ಅದನ್ನ ಎಣಿಸ್ತಿದ್ದೆ. ಅವನ ಉಸರು ಕೇಳಕೋತ ನಾನೂ ನಾಕು ದಿನ ಕುಂತಿದ್ದೆ."

ಅವಳ ರಟ್ಟೆ ಹಿಡಿದು ಎಬ್ಬಿಸಿದೆ, ಖಾಲಿ ಕೊಡವನ್ನು ಅವಳ ಸೊಂಟಕ್ಕೆ ಕೊಟ್ಟೆ. ನಳಕ್ಕೆ ಹೋಗುವಷ್ಟರಲ್ಲಿ ನೀರು ನಿಂತಿತ್ತು. ನನ್ನ ಕೊಡ ಮಾತ್ರ ತುಂಬಿತ್ತು. ಬಗ್ಗಿ ಅರ್ಧ ಅವಳದಕ್ಕೆ ಸುರಿದೆ, ಕೊಡದ ಬಾಯಿ ತಪ್ಪಿ ಅದರಲ್ಲಿ ಅರ್ಧ ನೆಲಕ್ಕೆ ಹೋಯಿತು.

"ನೆಟ್ಟಗ ಸುರಿ" ಎಂದಳು ಹುಲಿಗೆಮ್ಮ. "ಲೀಡರ್ ಅಂತ, ನೀರು ಸುರಿಯಾಕ ಬರಾಂಗಿಲ್ಲ."

ಫ್ಯಾಕ್ಟರಿಗೆ ಅರ್ಧ ತಾಸು ತಡವಾಯಿತು.